ಖಾಲಿ ಇರೋ ಜಾಗಾನ ಖಾಲಿ ಬಿಟ್ಟುಬಿಡಿ

ಮೊನ್ನೆ ರಾತ್ರಿ ನಿದ್ದೆ ಬರ್ಲಿಲ್ಲ ಅಂತ ಮತ್ತೆ ಡಾರ್ಕ್ ಬ್ಲಡ್ ಹಾಕ್ಕೊಂಡು ಕೂತೆ. ರಿವರ್ ಫೀನಿಕ್ಸ್ ಅನ್ನೋ ಹುಡುಗ ಮಾಡ್ತಿದ್ದ ಕೊನೇ ಸಿನಿಮಾ. 1993ರ ಅಕ್ಟೋಬರ್ 31ರ ಬೆಳಗಿನ ಜಾವ ಲಾಸ್ ಏಂಜಲೀಸ್‌ನಲ್ಲಿ ನೈಟ್‌ಕ್ಲಬ್ ಒಂದರ ಹೊರಗೆ ಫುಟ್‌ಪಾತ್ ಮೇಲೆ ಕುಸಿದುಬಿದ್ದು ತೀರಿಕೊಂಡಾಗ ಅವನಿಗೆ ಬರೀ 23 ವರ್ಷ. ಶೂಟಿಂಗ್ ಹೆಚ್ಚುಕಮ್ಮಿ ಮುಕ್ಕಾಲು ಭಾಗ ಮುಗಿದಿತ್ತು, ಮರುಭೂಮಿ ಸೀನ್‌ಗಳೆಲ್ಲ ಆಗಿ ಒಳಾಂಗಣದ ಸೀನ್‌ಗಳು ಬಾಕಿ ಇದ್ವು. ಅಲ್ಲಿಗೆ ನಿಂತುಹೋಯ್ತು. ಇನ್ಶೂರೆನ್ಸ್ ಕಂಪನಿ ದುಡ್ಡು ಕೊಟ್ಟು ರೀಲ್‌ಗಳನ್ನ ತನ್ನ ಕೈಗೆ ತಗೊಳ್ತು. ಕೆಲವು ವರ್ಷ ಆದ್ಮೇಲೆ ಅವನ್ನ ನಾಶ ಮಾಡ್ತಾರೆ ಅಂತ ಗೊತ್ತಾದಾಗ ಡೈರೆಕ್ಟರ್ ಜಾರ್ಜ್ ಸ್ಲೂಯಿಜರ್ ಹೋಗಿ ಅವನ್ನ ಎತ್ಕೊಂಡು ಬಂದು ಉಳಿಸಿದ್ರು. ಆಮೇಲೆ ಅವರಿಗೇ ಕಾಯಿಲೆ ಬಂದು, ಬದುಕೋದೇ ಕಷ್ಟ ಅನ್ನೋ ಸ್ಥಿತಿ ಆದ್ಮೇಲೆ, ಇದನ್ನ ಹೀಗೇ ಬಿಟ್ಟು ಹೋಗಬಾರದು ಅಂತ ಎಡಿಟಿಂಗಿಗೆ ಕೂತ್ರು. ಸಿನಿಮಾ ಜನರ ಮುಂದೆ ಬಂದಿದ್ದು 2012ರಲ್ಲಿ, ಹುಡುಗ ಹೋಗಿ 19 ವರ್ಷ ಆದ್ಮೇಲೆ. ಅದಾಗಿ ಎರಡು ವರ್ಷಕ್ಕೆ ಡೈರೆಕ್ಟರೂ ಹೋದ್ರು.

ನಾನು ಹೇಳಬೇಕಾಗಿರೋದು ಅವರು ಅದನ್ನ ಮುಗಿಸಿದ ರೀತಿ ಬಗ್ಗೆ. ಡೂಪ್ ಹಾಕ್ಲಿಲ್ಲ, ಬೆನ್ನು ತೋರಿಸಿ ಪ್ಯಾಚ್ ವರ್ಕ್ ಮಾಡ್ಲಿಲ್ಲ. ಶೂಟ್ ಆಗದೇ ಇರೋ ಸೀನ್ ಬಂದಾಗ ಚಿತ್ರ ಹಾಗೇ ನಿಂತುಬಿಡುತ್ತೆ, ಆ ವಯಸ್ಸಾದ ಡೈರೆಕ್ಟರ್ ತಮ್ಮದೇ ಧ್ವನೀಲಿ ಇಲ್ಲಿ ಏನಾಗಬೇಕಿತ್ತು ಅಂತ ಸ್ಕ್ರಿಪ್ಟ್ ಓದ್ತಾರೆ. ಆ ಧ್ವನೀಲಿ ಅಳು ಇಲ್ಲ, ನಾಟಕ ಇಲ್ಲ, ಓದ್ತಾರೆ ಅಷ್ಟೇ. ಓದಿ ಮುಗಿದ ತಕ್ಷಣ ಚಿತ್ರ ಮತ್ತೆ ಶುರುವಾಗಿ ಆ ಹುಡುಗ ನಡ್ಕೊಂಡು ಬರ್ತಾನೆ. ಆ ಒಂದು ಕ್ಷಣಕ್ಕೆ ನನ್ನ ಎದೆ ಹಿಂಡಿದಂಗಾಗುತ್ತೆ, ಎಷ್ಟು ಸಲ ನೋಡಿದ್ರೂ ಅಷ್ಟೇ.

ಮೊದಲು ಅವರಿಗಿದ್ದ ಆಸೆ ಬೇರೆ, ರಿವರ್ ತಮ್ಮ ವಾಕಿನ್ ಫೀನಿಕ್ಸ್ ಧ್ವನಿ ಕೊಡ್ಲಿ ಅಂತ. ಮನೆಯವರು ನಾವು ಈ ಕೆಲಸದಲ್ಲಿ ಸೇರಲ್ಲ ಅಂದ್ರು. ಅದನ್ನ ಓದಿದಾಗ ನಂಗೆ ಸೀದಾ ನೆನಪಾಗಿದ್ದು ನಮ್ಮ ಪುನೀತ್ ರಾಜ್‌ಕುಮಾರ್ ಸಿನಿಮಾ ಜೇಮ್ಸ್.

2022ರ ಮಾರ್ಚ್ 17. ಅಪ್ಪು ಇಲ್ಲದ ಮೊದಲನೇ ಹುಟ್ಟಿದಹಬ್ಬ. ಅವತ್ತು ಥಿಯೇಟರಲ್ಲಿ ಇದ್ದೋರಿಗೆ ನಾನೇನು ವಿವರಿಸಬೇಕಾಗಿಲ್ಲ. ಡಬ್ಬಿಂಗ್ ಮಾಡೋ ಮೊದಲೇ ಹೋಗಿಬಿಟ್ಟಿದ್ರಲ್ಲ, ಶಿವಣ್ಣ ಧ್ವನಿ ಕೊಟ್ಟಿದ್ದಾರೆ ಅಂತ ಎಲ್ಲರಿಗೂ ಗೊತ್ತಿತ್ತು, ಆದ್ರೂ ಅಪ್ಪು ಬಾಯಿಂದ ಮೊದಲ ಡೈಲಾಗ್ ಶಿವಣ್ಣನ ದನೀಲಿ ಬಂದಾಗ ಅಷ್ಟೊತ್ತು ಶಿಳ್ಳೆ ಹೊಡೀತಿದ್ದ ಹುಡುಗ್ರು ಒಂದೇ ಸಲ ಸುಮ್ಮನಾದ್ರು. ನನ್ನ ಪಕ್ಕದ ಸೀಟಲ್ಲಿ ಅರವತ್ತು ದಾಟಿದ ಒಬ್ಬರು ಹೆಗಲ ಮೇಲಿದ್ದ ಟವಲ್ ತೆಗೆದು ಬಾಯಿಗೆ ಒತ್ತಿ ಹಿಡ್ಕೊಂಡು ಕೂತಿದ್ರು, ಇಂಟರ್ವಲ್ ಬಂದ್ರೂ ಏಳ್ಲಿಲ್ಲ.

ಆಮೇಲೆ ಸುಮಾರು ಒಂದು ತಿಂಗಳಿಗೆ ಹೊಸ ತಂತ್ರಜ್ಞಾನದಲ್ಲಿ ಅಪ್ಪು ಧ್ವನಿಯನ್ನೇ ತಂದು ಕೂರಿಸಿ ಮತ್ತೆ ರಿಲೀಸ್ ಮಾಡಿದ್ರು. ತುಂಬಾ ಜನ ಖುಷಿಪಟ್ರು, ಅವರ ಖುಷೀನ ನಾನು ತಪ್ಪು ಅನ್ನಲ್ಲ, ಯಾರಿಗೆ ತಾನೇ ಆ ದನಿ ಮತ್ತೆ ಕೇಳಬೇಕು ಅನ್ಸಲ್ಲ. ಆದ್ರೆ ನಂಗೆ ಇವತ್ತಿಗೂ ಶಿವಣ್ಣನ ದನಿ ಇರೋ ಜೇಮ್ಸೇ ನಿಜವಾದ ಜೇಮ್ಸ್. ಡಬ್ಬಿಂಗ್ ಅಂದ್ರೆ ಬರೀ ತುಟಿಗೆ ಮಾತು ಜೋಡಿಸೋದಲ್ಲ. ಸೆಟ್ಟಲ್ಲಿ ಆ ಗಲಾಟೆ ಮಧ್ಯೆ ಪೈಲಟ್ ಟ್ರ್ಯಾಕ್‌ಗೆ, ಅಂದ್ರೆ ಶೂಟಿಂಗ್ ವೇಳೆ ಮಾಡ್ಕೊಳೋ ತಾತ್ಕಾಲಿಕ ರೆಕಾರ್ಡಿಂಗಿಗೆ, ಏನೋ ಒಂದು ಹೇಳಿರ್ತಾರೆ, ಆಮೇಲೆ ಕತ್ತಲೆ ರೂಮಲ್ಲಿ ಮೈಕ್ ಮುಂದೆ ನಿಂತು ತನ್ನ ಮುಖಾನ ತಾನೇ ನೋಡ್ತಾ ಎಲ್ಲಿ ಉಸಿರು ಎಳ್ಕೋಬೇಕು, ಎಲ್ಲಿ ದನಿ ತಗ್ಗಿಸಬೇಕು ಅಂತ ನಟ ಇನ್ನೊಂದು ಸಲ ನಟಿಸ್ತಾನೆ. ಆ ಎರಡನೇ ನಟನೆ ಅಪ್ಪು ಮಾಡ್ಲೇ ಇಲ್ಲ. ಮಾಡ್ಲಿಲ್ಲ ಅನ್ನೋದನ್ನ ಶಿವಣ್ಣನ ದನಿ ಮುಚ್ಚಿಡಲ್ಲ. ತಮ್ಮನ ಮುಖ ನೋಡ್ತಾ ತಮ್ಮನ ಮಾತು ಅಣ್ಣ ಆಡ್ತಿದ್ದಾನೆ ಅಂತ ಪ್ರತಿ ಡೈಲಾಗಲ್ಲೂ ಗೊತ್ತಾಗುತ್ತೆ. ಆ ಡಬ್ಬಿಂಗ್ ಥಿಯೇಟರಲ್ಲಿ ನಿಂತು ಅಷ್ಟು ರೀಲ್ ಮುಗಿಸೋಕೆ ಅವರು ಎಷ್ಟು ಸಂಕಟ ಪಟ್ಟಿರಬೇಕು ಅಂತ ನೆನೆಸ್ಕೊಂಡ್ರೇ ಕಷ್ಟ ಆಗುತ್ತೆ.

ರಾಜಮಾರ್ತಾಂಡದಲ್ಲೂ ಹಾಗೇ ಆಯ್ತು. ಚಿರು, ನಮ್ಮ ಚಿರಂಜೀವಿ ಸರ್ಜಾ, ಹೋಗಿದ್ದು 2020ರ ಜೂನ್ 7ಕ್ಕೆ, ಸಿನಿಮಾ ಬಂದಿದ್ದು 2023ರ ಅಕ್ಟೋಬರಲ್ಲಿ, ಮೂರು ವರ್ಷ ದಾಟಿ. ಅಲ್ಲಿ ಅಣ್ಣನಿಗೆ ಧ್ವನಿ ಕೊಟ್ಟಿದ್ದು ತಮ್ಮ ಧ್ರುವ. ಕೆಲವರು ಕಥೆ ಹಳೇದು, ಮೇಕಿಂಗ್ ಹಳೇದು ಅಂತ ಬರೆದ್ರು. ಇರಬಹುದು. ಆದ್ರೆ ಅಂಥ ಸಿನಿಮಾಕ್ಕೆ ಸ್ಟಾರ್ ಕೊಡೋಕೆ ಹೋಗೋದೇ ನಂಗೆ ಸರಿ ಕಾಣಲ್ಲ. ಪ್ರೊಡ್ಯೂಸರ್ ಮೂರು ವರ್ಷ ಬಡ್ಡಿ ಕಟ್ಕೊಂಡು ಕೂತಿರ್ತಾನೆ, ಎಡಿಟರ್ ಹತ್ರ ಇನ್ನೊಂದು ಟೇಕ್ ಕೇಳೋಕೆ ಹೀರೋ ಇರಲ್ಲ, ಇರೋ ಶಾಟಲ್ಲೇ ಕಥೆ ಹೇಳಬೇಕು.

ನಂಗೆ ನಿಜವಾಗ್ಲೂ ಬೇಜಾರಾಗೋದು ಇದರ ಉಲ್ಟಾ ದಾರಿ ಹಿಡಿದಾಗ. 2016ರ ನಾಗರಹಾವು ನೆನಪಿದ್ಯಾ? ವಿಷ್ಣು ಸರ್ ಹೋಗಿ ಆರು ವರ್ಷ ಕಳೆದಿತ್ತು. ಬೇರೆ ಯಾರದೋ ಮೈಗೆ ಗ್ರಾಫಿಕ್ಸಲ್ಲಿ ಅವರ ಮುಖ ಕೂರಿಸಿದ್ರು. ಕೈಯೆತ್ತಿ ಮುಗಿದೋರನ್ನ ನಾನು ಕಣ್ಣಾರೆ ನೋಡಿದ್ದೀನಿ, ಆ ಅಭಿಮಾನಕ್ಕೆ ನನ್ನ ನಮಸ್ಕಾರ. ಆದ್ರೆ ಆ ಕಣ್ಣಲ್ಲಿ ಅವರು ಇರಲಿಲ್ಲ. ಅವರು ತಾವೇ ನಟಿಸಿ ಮುಗಿಸಿ ಹೋಗಿದ್ದ ಆಪ್ತರಕ್ಷಕ, ಹೋದ ಎರಡೇ ತಿಂಗಳೊಳಗೆ ಬಂತಲ್ಲ, ಅದರಲ್ಲಿ ದಣಿದ ಮುಖ ಕೂಡ ಅವರದೇ. ಅದು ಅವರು ನಮಗೆ ಕೊಟ್ಟಿದ್ದು. ಇನ್ನೊಂದು, ಕೇಳದೇ ಅವರಿಂದ ತಗೊಂಡಿದ್ದು. ಬ್ರೂಸ್ ಲೀ ವಿಷಯದಲ್ಲೂ ಇದೇ ಆಯ್ತು, 1978ರ ಗೇಮ್ ಆಫ್ ಡೆತ್‌ನಲ್ಲಿ ಡೂಪ್‌ಗಳನ್ನ ಇಟ್ಟು, ಒಂದು ಶಾಟಲ್ಲಿ ಕನ್ನಡಿ ಮೇಲೆ ಅವರ ಮುಖದ ಫೋಟೋ ಅಂಟಿಸಿ, ಕೊನೆಗೆ ಅವರ ನಿಜವಾದ ಅಂತ್ಯಸಂಸ್ಕಾರದ ಫೂಟೇಜನ್ನೇ ಕಥೆಗೆ ಹಾಕ್ಕೊಂಡ್ರು. ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಕೋಪ ಬರುತ್ತೆ.

ಈಗ ಕಂಪ್ಯೂಟರಲ್ಲಿ ಎಲ್ಲಾ ಆಗುತ್ತೆ, ಮುಖ ಆಗುತ್ತೆ, ದನಿ ಆಗುತ್ತೆ, ನಾಳೆ ನಡಿಗೇನೂ ಆಗುತ್ತೆ. ಸಿನಿಮಾದೋರಿಗೆ ನಾನು ಕೈಮುಗಿದು ಕೇಳ್ಕೊಳೋದು ಇಷ್ಟೇ, ಹೋದೋರು ಎಷ್ಟು ಮಾಡಿದ್ರೋ ಅಷ್ಟು ತೋರಿಸಿ. ಮಧ್ಯೆ ಕತ್ತಲೆ ಬರ್ಲಿ, ಡೈರೆಕ್ಟರ್ ಬಂದು ಕಥೆ ಹೇಳ್ಲಿ, ದನಿ ಇಲ್ಲದಿದ್ರೆ ಮನೆಯವರು ಕೊಡ್ಲಿ, ಕೊಡೋರು ಯಾರೂ ಇಲ್ಲದಿದ್ರೆ ಮೂಕಿಯಾಗಿ ಓಡ್ಲಿ. ನಾವು ನೋಡ್ತೀವಿ.

ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ಕ್ಕೆ ದಾವಣಗೆರೆ ಹತ್ರ ಆನಗೋಡಲ್ಲಿ ತೀರಿಕೊಂಡಾಗ ಜೋಕುಮಾರಸ್ವಾಮಿ ಶೂಟಿಂಗಿಗೆ ಹೊರಟಿದ್ರು. ಬೆಂಗಳೂರಿಂದ ಹುಬ್ಬಳ್ಳಿ ಕಡೆ ಹೋಗುವಾಗ ಬಸ್ ಆನಗೋಡು ದಾಟೋವರೆಗೂ ನಾನು ಕಿಟಕಿಯಿಂದ ಆಚೆ ನೋಡ್ತಾ ಕೂತಿರ್ತೀನಿ. ಅವರು ಅರ್ಧಕ್ಕೆ ಬಿಟ್ಟು ಹೋದ ಯಾವುದಾದ್ರೂ ಒಂದು ತುಣುಕು, ಐದೇ ನಿಮಿಷದ್ದಾದ್ರೂ ಸರಿ, ಸೌಂಡ್ ಇಲ್ಲದಿದ್ರೂ ಸರಿ, ಯಾವುದೋ ಡಬ್ಬೀಲಿ ಬಿದ್ದಿದ್ರೆ ಹಾಗೇ ತಂದು ತೆರೆ ಮೇಲೆ ಹಾಕಿ. ಮೊದಲನೇ ಶೋಗೆ ಟಿಕೆಟ್ ತಗೊಂಡು ಬಂದು ಕೂತ್ಕೋತೀನಿ.