5 ಪರ್ಸೆಂಟ್ ಯಾವುದರ ಮ್ಯಾಲೆ?

ಇವತ್ತು ಬೆಳಗ್ಗೆ ಒಂದೇ ಒಂದು ಬಿಲ್ ಪ್ರಿಂಟ್ ಆಗಲು ಮುಕ್ಕಾಲು ಗಂಟೆ ಹಿಡಿಯಿತು. ಹುಬ್ಬಳ್ಳಿಯ ಅಮರಗೋಳದ ನಮ್ಮ ಆಫೀಸಿನ ಮುಂದೆ ಲಾರಿ ನಿಂತಿತ್ತು. ಡ್ರೈವರ್ ಎರಡನೇ ಚಹಾ ಮುಗಿಸಿದ್ದ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ತಪ್ಪು ನನ್ನದೇ. ಆದರೆ ಪೂರ್ತಿ ನನ್ನದಲ್ಲ.

ಆಫೀಸಿನಲ್ಲಿ ಒಬ್ಬನಿಗೆ ಕಂಪ್ಯೂಟರ್ ಬರುತ್ತದೆ ಅಂತ ಗೊತ್ತಾದರೆ ಅವನ ಕಥೆ ಮುಗೀತು, ಅಲ್ವಾ? ಮೌಸ್ ಅಲ್ಲಾಡದಿದ್ದರೂ ಅವನೇ, ಫ್ಯಾನ್ ತಿರುಗದಿದ್ದರೂ ಅವನೇ. ನಮ್ಮಲ್ಲಿ ಆ ಬಡಪಾಯಿ ನಾನು. ಕಳೆದ ವಾರ ಹೊಸ ಇಂಟರ್ನೆಟ್ ಲೈನ್ ಹಾಕಲು ಬಂದ ಹುಡುಗ, "ವಿ4, ವಿ6 ಎರಡೂ ಚಾಲೂ ಮಾಡೀನ್ರಿ ಸರ, ಎರಡೂ ಇರಲಿ" ಎಂದು ಹೇಳಿ ಬೈಕ್ ಏರಿದ. ಇಂಟರ್ನೆಟ್ಟಿನಲ್ಲಿ ಕಂಪ್ಯೂಟರುಗಳಿಗೆ ವಿಳಾಸ ಕೊಡುವ ಹಳೆ ಪದ್ಧತಿ ವಿ4, ಹೊಸದು ವಿ6. ನಾನು ಸುಮ್ನೆ ಇರಬಹುದಿತ್ತು.

ನಮ್ಮವು ಮೂರು ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್. ಬಿಲ್ಲಿಂಗ್ ಸಾಫ್ಟ್‌ವೇರ್ ಅದರಲ್ಲೇ ಓಡಬೇಕು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಅದರ ಮಾತನ್ನೇ ಕೇಳಬೇಕು. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಕೈ ಬಿಟ್ಟಿತು, ನಾವು ಬಿಟ್ಟಿಲ್ಲ. ವಿ4ರಲ್ಲಿ ಸುಮಾರು 430 ಕೋಟಿ ವಿಳಾಸಗಳಿದ್ದವು. ಅದರ ಮೂಲ ದಾಸ್ತಾನು 2011ರ ಫೆಬ್ರವರಿ 3ಕ್ಕೇ ಖಾಲಿ. ಹಾಗಾಗಿ ವಿ6. ಎಕ್ಸ್‌ಪಿಗೆ ಅದು ತಾನಾಗಿ ಬರುವುದಿಲ್ಲ, ಕಪ್ಪು ಪರದೆ ತೆಗೆದು ಕಮಾಂಡ್ ಹೊಡೆಯಬೇಕು. ಹೊಡೆದೆ.

ಎರಡು ಕಂಪ್ಯೂಟರ್ ವಿ6ನಲ್ಲಿ ಮಾತಾಡುತ್ತವೋ ಇಲ್ಲವೋ ನೋಡಬೇಕಿತ್ತು. ನಾನು ಒಳಕೋಣೆಯಲ್ಲಿ, ಅಕೌಂಟ್ಸ್ ನೋಡುವ ಕಾಕಾ ಹೊರಗೆ. "ಕಾಕಾ, ಪರದೆ ಮೇಲೆ ಬಂದದ್ದನ್ನು ಓದ್ರಿ" ಎಂದು ಕೂಗಿದೆ. ಅಲ್ಲಿಂದ ಶುರುವಾಯಿತು.

"ಎಫ್. ಇ. ಎಂಬತ್ತು. ವಿಸರ್ಗ."

"ಅದು ಕೋಲನ್ ರೀ ಕಾಕಾ."

"ವಿಸರ್ಗನೋ ತಮ್ಮಾ. ದುಃಖದಾಗ ಇರತೈತಲ್ಲ, ಅದ. ಅದರ ಬಾಜೂಕ ಇನ್ನೊಂದು ವಿಸರ್ಗ. ಎರಡೆರಡು ದುಃಖ ಯಾಕ?"

ನಡುವಿನ ಸೊನ್ನೆಗಳನ್ನು ಬಿಟ್ಟು ಬರೆಯುವಾಗ ಹಾಗೆ ಎರಡು ಹಾಕುತ್ತಾರೆ ಎಂದೆ. ಹೇಳಬಾರದಿತ್ತು. ಹೊರಗೆ ಕುರ್ಚಿ ಸರಿದ ಸದ್ದು. ಕಾಕಾ ಕನ್ನಡಕ ಹಣೆಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಎಷ್ಟು ಸೊನ್ನಿ?"

"ಹನ್ನೆರಡು."

"ಹನ್ನೆರಡು ಸೊನ್ನಿ ನುಂಗ್ಯಾರ? ಆಡಿಟ್‌ನಾಗ ಯಾರು ಉತ್ತರ ಕೊಡೂದು?"

ಇಡೀ ಜೀವನ ಸೊನ್ನೆ ಕಾಯ್ದುಕೊಂಡು ಬಂದ ಮನುಷ್ಯ. ವಾಪಸ್ ಹೋಗಿ ಗೋಡೆಯ ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆಯತೊಡಗಿದರು. ನಾಲ್ಕು ನಾಲ್ಕು ಅಕ್ಷರದ ಎಂಟು ಗುಂಪು, ಒಟ್ಟು ಮೂವತ್ತೆರಡು, ಒಂದು ಸೊನ್ನೆಯನ್ನೂ ಬಿಡದೆ. ಏಕಾದಶಿಯಿಂದ ಹೊರಟ ವಿಳಾಸ ಅಮಾವಾಸ್ಯೆಗೆ ಬಂದು ಮುಟ್ಟಿತು. ಎಣಿಸಿ ನೋಡಿದೆ, ಸರಿಯಾಗಿಯೇ ಇತ್ತು. ಅದೇ ನನಗೆ ಜಾಸ್ತಿ ಸಿಟ್ಟು ತರಿಸಿದ್ದು.

ಅಷ್ಟಕ್ಕೇ ಬಿಡಲಿಲ್ಲ. ವಿಳಾಸದ ಕೊನೆಗೆ ಪರ್ಸೆಂಟ್ ಗುರುತು, ಅದರ ಮುಂದೆ 5. ಯಾವ ನೆಟ್‌ವರ್ಕ್ ಕಾರ್ಡಿನಿಂದ ಹೋಗಬೇಕು ಅಂತ ಕಂಪ್ಯೂಟರ್ ಇಟ್ಟುಕೊಳ್ಳುವ ಗುರುತದು. ಕಾಕಾ ಅದನ್ನು ಪೆನ್ನಿನಿಂದ ಎರಡು ಸಲ ಕುಟ್ಟಿದರು.

"ಇದು 5 ಪರ್ಸೆಂಟ್ ಯಾವುದರ ಮ್ಯಾಲೆ?"

"ಜಿಎಸ್‌ಟಿ ಅಲ್ರೀ ಕಾಕಾ."

"ಮತ್ತ್ಯಾಕ ಹಚ್ಚ್ಯಾರ?"

ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ವೋಚರ್ ಕೇಳುತ್ತಿದ್ದರು.

ಎರಡೂ ಚಾಲೂ ಆದ ಮೇಲೆ ಇನ್ನೊಂದು ಕಾಟ. ಹಳೆ ಬ್ರೌಸರಿನಲ್ಲಿ ಕೆಲವು ಸೈಟ್ ತೆರೆಯಲು ಬರೋಬ್ಬರಿ 21 ಸೆಕೆಂಡ್. ವಿ6 ಲೈನ್ ಆಫೀಸಿನೊಳಗೆ ಇದೆ, ಹೊರಗೆ ಹೋಗುತ್ತಿಲ್ಲ. ಕಂಪ್ಯೂಟರಿಗೆ ಮಾತ್ರ ಮೊದಲು ಅದೇ ಬೇಕು. ಬಾಗಿಲು ಬಡಿದು 3 ಸೆಕೆಂಡ್ ಕಾಯುತ್ತದೆ, ಮತ್ತೆ ಬಡಿದು 6, ಇನ್ನೊಮ್ಮೆ ಬಡಿದು 12. ಆಮೇಲೆ ವಿ4ರ ನೆನಪು. ನಾನು ದಿನಾ ಧಾರವಾಡದಿಂದ ಚಿಗರಿಯಲ್ಲಿ, ಅಂದರೆ ತನ್ನದೇ ಬೇರೆ ದಾರಿಯಲ್ಲಿ ಓಡುವ ಬಸ್ಸಿನಲ್ಲಿ, ಬರುವವನು. ಚಿಗರಿ ಓಡದ ದಿನವೂ ಅದರ ಸ್ಟೇಷನ್ನಿನಲ್ಲೇ ಕಾಯುತ್ತ, ಪಕ್ಕದ ರಸ್ತೆಯಲ್ಲಿ ಖಾಲಿ ಬಸ್ಸು ಹೋಗುತ್ತಿದ್ದರೂ ಆ ಕಡೆ ತಿರುಗದ ಜನರನ್ನು ನೋಡಿದ್ದೇನೆ. ಥೇಟ್ ಹಾಗೇ.

ನಿನ್ನೆ ಸಂಜೆ ಸಿಟ್ಟಿನಲ್ಲಿ ಕಾಕಾನ ಕಂಪ್ಯೂಟರಿನ ವಿ4 ಟಿಕ್ ತೆಗೆದೆ. ಒಂದೇ ಇದ್ದರೆ ಗೊಂದಲ ಇರಲ್ಲ ಅಂತ. ಪ್ರಿಂಟರ್ ಜೋಡಿಸಿರುವುದು ಆ ಕಂಪ್ಯೂಟರಿಗೇ. ಎಕ್ಸ್‌ಪಿಯಲ್ಲಿ ಪ್ರಿಂಟರ್ ಹಂಚಿಕೊಳ್ಳುವುದು, ಹೆಸರು ಹುಡುಕುವುದು ಎಲ್ಲಾ ವಿ4ರ ಮೇಲೇ ನಡೆಯುತ್ತದೆ ಅನ್ನುವುದು ಬೆಳಗ್ಗೆ ಲಾರಿ ಬಂದ ಮೇಲೆ ಹೊಳೆಯಿತು.

ಟಿಕ್ ಹಾಕಲು ಕಾಕಾನ ಕುರ್ಚಿಯಲ್ಲಿ ಕೂತಾಗ, ಮಾನಿಟರಿನ ಅಂಚಿಗೆ ಸ್ಕೆಚ್ ಪೆನ್ನಿನಲ್ಲಿ ಬರೆದ ಹಳೆಯ ಪಟ್ಟಿ ಕಂಡಿತು. 11, 12, 13, 14. ಎಲ್ಲರ ವಿಳಾಸದ ಕೊನೆಯ ಅಂಕಿ. 12 ಟೈಪಿಸ್ಟ್ ಅಕ್ಕನದು. ಅವರು ತೀರಿಕೊಂಡು ಆರು ವರ್ಷ ಆಯಿತು, ಕಂಪ್ಯೂಟರ್ ಗುಜರಿಗೆ ಹೋಯಿತು. ಹೊಸದಕ್ಕೆ 12 ಕೊಡೋಣ ಅಂದಾಗ ಕಾಕಾ, "ಬ್ಯಾಡ, 14 ಕೊಡು" ಅಂದಿದ್ದರು. ಕಾರಣ ನಾನೂ ಕೇಳಿರಲಿಲ್ಲ.

ಪ್ರಿಂಟರ್ ಕಿರ್ರೆಂದಿತು. ಲಾರಿ ಹೋಯಿತು. ವಿ6 ಕಿತ್ತುಹಾಕಿದೆ. ಲೈನಿನ ಹುಡುಗನಿಗೆ ಫೋನ್ ಮಾಡಿದರೆ, ಸೋಮವಾರ ಬಂದು "ಎರಡೂ ಸೆಟ್" ಮಾಡಿಕೊಡುತ್ತಾನಂತೆ. ಕಾಕಾ ಲೆಡ್ಜರಿನಿಂದ ತಲೆ ಎತ್ತದೆ ಹೇಳಿದರು:

"ಬರೂಮುಂದ ಆ 5 ಪರ್ಸೆಂಟಿನ ಬಿಲ್ ತಗೊಂಡು ಬಾ ಅಂತ ಹೇಳು ಅವಗ."