ಕಲ್ಲಿನಲ್ಲಿ ಸರಿಸಮ, ಕಂದಕದಲ್ಲಿ ಅಲ್ಲ

ಹೂಗ್ಲಿ ದಂಡೆಯ ಚಂದನನಗರದಲ್ಲಿ ಹುಟ್ಟಿದ ಜೋಗೇಂದ್ರನಾಥ ಸೇನ್ 1910ರಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ, 1913ರಲ್ಲಿ ಪದವಿ ಪಡೆದು ಆ ನಗರದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದರು. ಮೊದಲ ಮಹಾಯುದ್ಧ ಶುರುವಾಗಿ, 1914ರ ಸೆಪ್ಟೆಂಬರ್‌ನಲ್ಲಿ ಊರಿನ ಹುಡುಗರೆಲ್ಲ ಗೆಳೆಯರು ಒಟ್ಟಿಗೇ ಸೇರಬಹುದಾಗಿದ್ದ ‘ಲೀಡ್ಸ್ ಪಾಲ್ಸ್’ ಎಂಬ ಸೇನಾದಳಕ್ಕೆ ಮುಗಿಬಿದ್ದಾಗ ಅವರೂ ಸಾಮಾನ್ಯ ಸಿಪಾಯಿಯಾಗಿ ಹೆಸರು ಬರೆಸಿದರು. ಯಾರ್ಕ್‌ಶೈರಿನಲ್ಲಿ ತರಬೇತಿ, ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆಯ ಕಾವಲು, ಆಮೇಲೆ ಫ್ರಾನ್ಸಿನ ಸೋಮ್ ಕಂದಕಗಳು. 1916ರ ಮೇ 22ರ ರಾತ್ರಿ ಶೆಲ್ ದಾಳಿಯಲ್ಲಿ ಪೆಟ್ಟು ತಿಂದು ತೀರಿಕೊಂಡಾಗ ಅವರಿಗೆ 28 ವರ್ಷ.

ದಳದಲ್ಲೇ ಹೆಚ್ಚು ಓದಿದವರು ಸೇನ್, ಹಲವು ಭಾಷೆ ಬಲ್ಲವರು. ಆದರೂ ಬಿಳಿಯರ ಮೇಲೆ ಕರಿಯನೊಬ್ಬನನ್ನು ಕೂರಿಸಲಾಗದೆಂದು ಅವರಿಗೆ ಲ್ಯಾನ್ಸ್ ಕಾರ್ಪೊರಲ್‌ನಷ್ಟು ಸಣ್ಣ ದರ್ಜೆಯನ್ನೂ ಕೊಡಲಿಲ್ಲವೆಂದು ಜೊತೆಗಾರ ಆರ್ಥರ್ ಡಾಲ್ಬಿ ದಶಕಗಳ ನಂತರ ನೆನಪಿಸಿಕೊಂಡರು. ನನ್ನನ್ನು ಬಹುವಾಗಿ ಕಾಡುವ ಸಂಗತಿ ಇದು. ಓದು, ಕೆಲಸ, ಗೆಳೆಯರು ಎಲ್ಲವನ್ನೂ ಪರವೂರಿನಲ್ಲೇ ಕಟ್ಟಿಕೊಂಡು, ಆ ಊರನ್ನೇ ತನ್ನದೆಂದು ನಂಬಿ ಪ್ರಾಣವನ್ನೇ ಒಡ್ಡಿದವನಿಗೆ ಸಿಗದೇ ಹೋದದ್ದು ತೋಳಿನ ಮೇಲಿನ ಒಂದು ಪಟ್ಟಿ.

ಸತ್ತ ಮೇಲೆ ಮಾತ್ರ ಸಮಾನತೆ ಬಂತು. ಆ ಯುದ್ಧದಲ್ಲಿ ಮಡಿದವರ ಸಮಾಧಿಗಳಿಗೆ ಬ್ರಿಟಿಷರು ಅಧಿಕಾರಿ, ಸಿಪಾಯಿ ಎನ್ನದೆ ಒಂದೇ ಅಳತೆಯ ಕಲ್ಲು ನೆಟ್ಟರು. ಫ್ರಾನ್ಸಿನ ಕೊಲಿಂಕಾಂಪ್ ಹಳ್ಳಿಯ ಬಳಿಯ ಸ್ಮಶಾನದಲ್ಲಿ ಸೇನರಿಗೂ ಅಂಥದೇ ಕಲ್ಲು, ಲೀಡ್ಸ್ ವಿಶ್ವವಿದ್ಯಾಲಯದ ಸ್ಮಾರಕದಲ್ಲಿ ಉಳಿದವರೊಡನೆ ಅವರದೂ ಒಂದು ಹೆಸರು. ನಾನು ಅದನ್ನು ಮನಸಾರೆ ಗೌರವಿಸುತ್ತೇನೆ. ನಮ್ಮ ವೀರಗಲ್ಲುಗಳ ರೀತಿ ಬೇರೆ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ತುರುಗಳನ್ನು ಉಳಿಸಲು ಸತ್ತನೋ, ಊರಳಿವಿನಲ್ಲಿ ಬಿದ್ದನೋ ಎಂಬುದನ್ನೂ ಎಷ್ಟೋ ಶಾಸನಗಳು ಹೇಳುತ್ತವೆ. ಅಲ್ಲಿ ಒಡೆಯ, ಆಳು ಎಂಬ ತಾರತಮ್ಯ ಮಾಯವಾಗುವುದಿಲ್ಲ, ನಿಜ; ಆದರೆ ಸತ್ತವನು ಹೇಗೆ ಸತ್ತ ಎಂಬ ಕಥೆ ಉಳಿಯುತ್ತದೆ.

ಬಂಗಾಳದವರು ಇನ್ನೊಂದು ರೀತಿಯಲ್ಲಿ ಕಾಪಾಡಿದ್ದಾರೆ. ಕೋಲ್ಕತ್ತದಲ್ಲಿರುವ ನನ್ನಂಥವರಿಗೆ ಚಂದನನಗರ ಲೋಕಲ್ ರೈಲಿನ ದಾರಿಯಷ್ಟೆ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಸೇನರ ಕನ್ನಡಕವಿದೆ, ರಕ್ತದ ಕಲೆಯೊಡನೆ. ಮೂರೂ ಕ್ರಮಗಳಲ್ಲಿ ನನಗೆ ಹತ್ತಿರವಾದದ್ದು ಇದೇ, ಏಕೆಂದರೆ ಅದು ಅವರನ್ನು ದೇವಲೋಕಕ್ಕೂ ಏರಿಸುವುದಿಲ್ಲ, ನೂರಾರು ಹೆಸರುಗಳ ನಡುವೆ ಕರಗಿಸುವುದೂ ಇಲ್ಲ.

ಆದರೂ ಸೇನರನ್ನು ನೆನೆಯುವಲ್ಲೆಲ್ಲ, ಲೀಡ್ಸ್‌ನಲ್ಲಾಗಲಿ ಚಂದನನಗರದಲ್ಲಾಗಲಿ, ಸಿಗದೇ ಹೋದ ಆ ಬಡ್ತಿಯ ವಿಷಯವನ್ನೂ ಬರೆದಿಡಬೇಕು. ಬರಿಯ ‘ವೀರಮರಣ’ ಎಂದು ಬರೆದು ನಿಲ್ಲಿಸಿದರೆ ಅವರು ಬದುಕಿದ್ದಾಗ ಆದ ಅನ್ಯಾಯವನ್ನು ಸ್ಮಾರಕವೇ ಮುಚ್ಚಿದಂತಾಗುತ್ತದೆ.