ಬಾತುಮರಿಗೆ ನೀರಿಗಿಂತ ಮೊದಲು ಶಾಖ ಬೇಕು
ಕೆರೆಯಂಚಿನಲ್ಲಿ ಸಿಕ್ಕ ತಬ್ಬಲಿ ಬಾತುಮರಿಗಳನ್ನು ಮನೆಗೆ ತಂದು ಟಬ್ಬಿನ ನೀರಿಗೆ ಬಿಟ್ಟವರ ಕಾಳಜಿಯನ್ನು ನಾನು ಓದಿದ ಲೇಖನವೊಂದು ಮೆಚ್ಚಿಕೊಂಡಿದೆಯಾದರೂ, ಹಾಗೆ ನೀರಿಗೆ ಬಿಡುವುದರಲ್ಲಿರುವ ಅಪಾಯವನ್ನೂ ಅದು ತಿಳಿಸಬೇಕಿತ್ತು. ತಾಯಿಯ ಮೈಶಾಖ ಸಿಗದ ಎಳೆಮರಿಯ ತುಪ್ಪಳ ಬೇಗ ತೊಯ್ದು, ಮರಿ ಚಳಿಗೆ ಸೆಟೆದುಕೊಳ್ಳುತ್ತದೆ. ಆದ್ದರಿಂದ ಒಣಬಟ್ಟೆ ಹಾಸಿದ ರಟ್ಟಿನ ಪೆಟ್ಟಿಗೆಯ ಒಂದು ಮೂಲೆಗೆ ಮಾತ್ರ ಬಲ್ಬಿನ ಶಾಖ ಕೊಟ್ಟು, ಕೊಕ್ಕು ಮುಳುಗುವಷ್ಟೇ ನೀರಿರುವ ತಟ್ಟೆಯನ್ನು ಇಡುವುದು ಲೇಸು. ಬ್ರೆಡ್ಡು, ಹಾಲು ಬೇಡವೇ ಬೇಡ. ಸಾಕುಬಾತಿನ ಮರಿಗಳಾದರೆ ಬಾತು ಸಾಕುವ ರೈತರಿಗೆ ಒಪ್ಪಿಸಬಹುದು. ಸಿಳ್ಳೆಬಾತಿನಂತಹ ಕಾಡುಹಕ್ಕಿಯ ಮರಿಗಳನ್ನು, ಎಷ್ಟೇ ಪ್ರೀತಿಯಿದ್ದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆಯಲ್ಲಿ ಸಾಕುವಂತಿಲ್ಲವಾದ್ದರಿಂದ ಅರಣ್ಯ ಇಲಾಖೆಗೆ ತಿಳಿಸಬೇಕು. ಮನುಷ್ಯರಿಗೆ ಹೊಂದಿಕೊಂಡ ಒಂಟಿ ಮರಿ ಮುಂದೆ ಹಿಂಡನ್ನು ಸೇರಲು ಹೆಣಗುತ್ತದೆ. ಹಾಗಾಗಿ ಮರಿಗಳನ್ನು ಹಂಚಿಕೊಳ್ಳದೆ ಒಟ್ಟಿಗೇ ಒಪ್ಪಿಸಿ.